ಹಬ್ಬುವಾಡದ ಮೇಜರ್ ಸಾಹೇಬರು

ನನ್ನ ಷಡ್ಡಕ ಬೊಮ್ಮಯ್ಯನಿಗೆ ಇಂಗ್ಲಿಷು ಬರುತ್ತದೆ. ನಮ್ಮ ಎರಡೂ ಸಂಸಾರಗಳ ಮೇಲೆ ಬಂದ ಕಷ್ಟಕ್ಕೆಲ್ಲ ಇದೇ ಮೂಲ. ಪೂರ್ತಿ ಬಂದಿದ್ದರೆ ಚಿಂತೆಯಿರಲಿಲ್ಲ, ಬಾರದೇ ಇದ್ದಿದ್ದರೆ ಇನ್ನೂ ಒಳ್ಳೆಯದಿತ್ತು. ಕಾರವಾರದ ಬಂದರದಲ್ಲಿ ಆಗಬೋಟಿಯ ಟಿಕೆಟ್ ಕಚೇರಿಯಲ್ಲಿ ಅವನು ಕಾರಕೂನ. ಮುಂಬಯಿಗೆ ಹೋಗುವವರಿಗೆ ದಿನಾ 'ಅಪ್ಪರ್ ಡೆಕ್', 'ಲೋವರ್ ಡೆಕ್' ಎಂದು ಹೇಳಿ ಹೇಳಿ ಆ ಭಾಷೆಯ ಒಳಹೊರಗೆಲ್ಲ ತನಗೆ ಗೊತ್ತೆಂದು ತಿಳಿದುಬಿಟ್ಟಿದ್ದ.

ನಾನು ಕನ್ನಡ ಶಾಲೆಯ ಮಾಸ್ತರ. ನಾವಿಬ್ಬರೂ ಹಬ್ಬುವಾಡದಲ್ಲಿ ವೈಜಯಂತಿಬಾಯಿಯವರ ಒಂದೇ ಮನೆಯ ಎರಡು ಪಾಲುಗಳಲ್ಲಿ ಬಾಡಿಗೆಗಿದ್ದೆವು. ನಡುವೆ ಒಂದು ಗೋಡೆ, ಮುಂದೆ ಒಂದೇ ಜಗಲಿ. ಅವನ ಹೆಂಡತಿ ಹೊನ್ನಮ್ಮ ನನ್ನ ಹೆಂಡತಿ ಜಾನಕಿಯ ತಂಗಿ. ಆ ವರ್ಷ ಹೊನ್ನಮ್ಮ ಚೊಚ್ಚಲ ಹೆರಿಗೆಗೆಂದು ಅಂಕೋಲೆಯ ಬೊಬ್ರುವಾಡಕ್ಕೆ, ತವರಿಗೆ ಹೋದಳು. ಬಾಣಂತಿಯ ಆರೈಕೆಗೆ ಜಾನಕಿಯೂ ಹೋದಳು. ಹೋಗುವಾಗ, "ತೊಟ್ಲು ಹಾಕಿದ ಕೂಡ್ಲೆ ಬತ್ತೆ. ಅಷ್ಟರ ತನಕ ಒಂದ್ ಗಂಜಿ ಬೇಯ್ಸ್ಕಂಡು ಇರೂಕೆ ಆಗೂದಿಲ್ವಾ ನಿಮ್ಗೆ?" ಎಂದು ಕೇಳಿದಳು. ಆಗುತ್ತದೆ ಎಂದೆ. ಆಗಲಿಲ್ಲ. ನನ್ನ ಗಂಜಿ ಒಂದೋ ನೀರಾಗಿರುತ್ತಿತ್ತು, ಇಲ್ಲವೇ ತಳ ಹಿಡಿದಿರುತ್ತಿತ್ತು. ಹೀಗಾಗಿ ನಾನು ತೊಟ್ಟಿಲ ಶಾಸ್ತ್ರವನ್ನು ಕಾಯುತ್ತಿದ್ದಷ್ಟು ಕಾತರದಿಂದ ಆ ಮಗುವಿನ ತಂದೆಯೂ ಕಾಯುತ್ತಿರಲಿಲ್ಲ.

ಅವನಿಗೆ ಬೇರೆ ಕೆಲಸವಿತ್ತು. ಗುಡ್ಡದ ಮೇಲಿನ ಬಂಗಲೆಯ ಸಾಹೇಬನೊಬ್ಬ ನೌಕರಿ ಮುಗಿಸಿ ವಿಲಾಯಿತಿಗೆ ಹೊರಟಿದ್ದ. ಅವನ ಸಾಮಾನು ಲಿಲಾವಿಗೆ ಬಂತು. ಸಾಹೇಬ ಕೂತ ಕುರ್ಚಿಯಲ್ಲಿ ಕೂತರೆ ಇಂಗ್ಲಿಷು ಇನ್ನಷ್ಟು ಸಲೀಸಾಗುತ್ತದೆ ಎಂದು ಲೆಕ್ಕ ಹಾಕಿ ಬೊಮ್ಮಯ್ಯ ಒಂದು ಆರಾಮ ಕುರ್ಚಿಯನ್ನು ಕೂಗಿ ಹಿಡಿದ. ಕುರ್ಚಿಯ ಮೇಲೆ ಬೂದು ಬಣ್ಣದ ಒಂದು ದಪ್ಪ ಬೆಕ್ಕು ಮಲಗಿತ್ತು. ಹಮಾಲರು ಕುರ್ಚಿಯನ್ನು ಎತ್ತಿದರೂ ಅದು ಏಳಲಿಲ್ಲ. ಬಂಗಲೆಯ ಅಡಿಗೆಯವ ಕಾಳಿ ನದಿಯಾಚೆಯವ, ಕೊಂಕಣಿ ಮಾತಿನವ. ಅವನು ಬಾಗಿಲಿಗೆ ಓಡಿಬಂದು, "ಅರೇ, ಮಾಜರ ಆಸಾ! ಮಾಜರ!" ಎಂದು ಕೂಗಿದ.

ಕೊಂಕಣಿಯಲ್ಲಿ ಮಾಜರ ಎಂದರೆ ಬೆಕ್ಕು. ಕಾರವಾರದಲ್ಲಿ ಇದು ಆಡುವ ಮಕ್ಕಳಿಗೂ ಗೊತ್ತು. ಬೊಮ್ಮಯ್ಯನಿಗೂ ಗೊತ್ತು. ಗೊತ್ತಿಲ್ಲದೆ ತಪ್ಪು ಮಾಡುವವರನ್ನು ತಿದ್ದುವುದು ನನ್ನ ಕಸುಬು. ಗೊತ್ತಿದ್ದೂ ಅದಕ್ಕಿಂತ ಹೆಚ್ಚು ತಿಳಿದುಕೊಳ್ಳುವವರಿಗೆ ನನ್ನ ಹತ್ತಿರ ಮದ್ದಿಲ್ಲ.

ಸಂಜೆ ನಾನು ಶಾಲೆಯಿಂದ ಬಂದಾಗ ಕುರ್ಚಿ ಅವನ ಮನೆಯೊಳಗಿತ್ತು, ಬೆಕ್ಕು ಕುರ್ಚಿಯಲ್ಲಿತ್ತು, ಬೊಮ್ಮಯ್ಯ ನೆಲದ ಮೇಲೆ ಕೂತಿದ್ದ.

"ಅಣ್ಣಾ, ಇವ್ರ ಹೆಸರು ಮೇಜರ್" ಎಂದ.

"ಯಾರ ಹೆಸ್ರು?"

"ಇವ್ರದ್ದು."

"ಅದು ಬೆಕ್ಕು."

"ಬೆಕ್ಕೇ. ಹೆಸರು ಮೇಜರ್. ಅಡಗಿಯವ ಕೂಗಿದ್ದು ನಾ ಕಿವಿಯಾರೆ ಕೇಳಿದೆ. ಪಾಪ, ಅವ್ನಿಗೆ ಇಂಗ್ಲೀಷಿಗೆ ನಾಲ್ಗಿ ತಿರುಗೂದಿಲ್ಲ. ಮಾಜರ ಮಾಜರ ಅಂದ."

"ಮಾಜರ ಅಂದ್ರೆ ಬೆಕ್ಕು ಅಂತ್ಲೇ ಮಾರಾಯಾ!"

ಬೊಮ್ಮಯ್ಯ ನನ್ನನ್ನು ಕನಿಕರದಿಂದ ನೋಡಿದ. "ನೀವು ಶಾಲೆ ಮಾಸ್ತರ್ರು, ನೀವೇ ಯೋಚ್ನೆ ಮಾಡಿ ಅಣ್ಣಾ. ಅಂಥಾ ದೊಡ್ಡ ಸಾಹೇಬ್ರು ಬೆಕ್ಕು ಸಾಕಿ ಅದ್ಕೆ ಬೆಕ್ಕು ಅಂತ ಹೆಸರಿಡ್ತ್ರಾ?"

ನಾನು ಹಣೆ ಚಚ್ಚಿಕೊಂಡೆ. ಅದನ್ನು ಒಪ್ಪಿಗೆ ಎಂದು ತಿಳಿದು ಅವನು ಬೆಕ್ಕಿಗೆ ಹಾಲು ತರಲು ಎದ್ದ.

ಮರುದಿನ ಬೆಳಿಗ್ಗೆ ಮನೆಯ ಒಡತಿ ವೈಜಯಂತಿಬಾಯಿ ಜಗಲಿಗೆ ಬಂದು ಇಣುಕಿದರು. ಅವರ ಅಟ್ಟದ ತುಂಬ ಇಲಿ. "ಮಾಜರ ತಂದ್ರಿ? ಬರೆ ಜಾಲೆ, ಒಳ್ಳೇದಾಯ್ತು! ರಾತ್ರಿ ನಮ್ಮ ಅಟ್ಟಕ್ಕೆ ಬಿಡಿ" ಎಂದರು.

"ಮೇಜರ್, ಬಾಯಿಯವ್ರೇ."

"ಮಾಜರ."

"ಮೇ. ಮೇಜರ್."

"ಮಾ. ಮಾಜರ."

ಎಂಥ ಅನಕ್ಷರಸ್ಥರು ಎಂದು ಇಬ್ಬರೂ ಒಬ್ಬರಿಗೊಬ್ಬರು ಮರುಗುತ್ತ ಒಳಗೆ ಹೋದರು. ದಿನಾ ಬೆಳಿಗ್ಗೆ ಈ ಪಾಠ ನಡೆಯುತ್ತಿತ್ತು. ನನ್ನ ಶಾಲೆಯಲ್ಲಿ ಹುಡುಗರು ಮಗ್ಗಿ ಒಪ್ಪಿಸುವುದಕ್ಕಿಂತ ಇದು ಹೆಚ್ಚು ಕ್ರಮವಾಗಿ ನಡೆಯುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ನನ್ನ ತಕರಾರಿರಲಿಲ್ಲ. ಮೇಜರ್ ಎಂದ ಮೇಲೆ ಹುದ್ದೆ, ಹುದ್ದೆ ಎಂದ ಮೇಲೆ ಮರ್ಯಾದೆ, ಮರ್ಯಾದೆ ಎಂದ ಮೇಲೆ ಬಹುವಚನ. ಬೊಮ್ಮಯ್ಯ ಬೆಕ್ಕನ್ನು 'ಅದು' ಎನ್ನುವುದನ್ನು ಬಿಟ್ಟ. "ಸಾಹೇಬ್ರು ಎದ್ರು", "ಸಾಹೇಬ್ರು ಮೈ ಮುರದ್ರು", "ಸಾಹೇಬ್ರಿಗೆ ಇವತ್ತು ಹಾಲು ಸೇರ್ಲಿಲ್ಲ" ಎಂದು ಗೋಡೆಯಾಚೆಯಿಂದ ನನಗೆ ವರದಿ ಬರುತ್ತಿತ್ತು. ವ್ಯಾಕರಣ ಕಲಿಸಿ ಹೊಟ್ಟೆ ಹೊರೆಯುವ ಮನುಷ್ಯ ಇದನ್ನು ಹೇಗೆ ಸಹಿಸಬೇಕು?

ಸಾಹೇಬರ ಬೆಕ್ಕು ಮಣ್ಣು ತುಳಿಯಬಾರದು ಎಂದು ಅವನ ಮೊದಲ ಕಾನೂನು. ಕಿಟಕಿಗೆಲ್ಲ ಬಿದಿರಿನ ತಟ್ಟಿ ಕಟ್ಟಿದ. ಬಾಗಿಲು ಸದಾ ಮುಚ್ಚಿಟ್ಟ. ಬೆಕ್ಕಿನ ಹೊರಕಡೆಗೆಂದು ಒಂದು ಡಬ್ಬಿಯಲ್ಲಿ ಮರಳು ತುಂಬಿ ಮೂಲೆಯಲ್ಲಿಟ್ಟು, ಬೆಳಿಗ್ಗೆ ಎದ್ದು ಸಮುದ್ರದ ದಂಡೆಗೆ ಹೋಗಿ ಹೊಸ ಮರಳು ತರುತ್ತಿದ್ದ. ಬೆಕ್ಕು ಆ ಡಬ್ಬಿಯಲ್ಲಿ ಮಲಗಿ, ಹೊರಕಡೆಗೆ ಬೊಮ್ಮಯ್ಯನ ಚಪ್ಪಲಿಯನ್ನು ಉಪಯೋಗಿಸುತ್ತಿತ್ತು. ಶನಿವಾರ ಸೀಗೆಕಾಯಿ ಹಾಕಿ ಬಿಸಿನೀರಿನ ಸ್ನಾನ. ಮೊದಲ ಸ್ನಾನದ ದಿನ ಒಳಗಿನಿಂದ ಬಂದ ಕೂಗು ಯಾರದೆಂದು ನನಗೆ ತಿಳಿಯಲಿಲ್ಲ. ಬಾಗಿಲು ತೆರೆದಾಗ ಬೆಕ್ಕು ಒಣಗಿಯೇ ಇತ್ತು, ಬೊಮ್ಮಯ್ಯ ಪೂರ್ತಿ ತೊಯ್ದಿದ್ದ. ಅವನ ಕೈ, ಕುತ್ತಿಗೆ, ಒಂದು ಕಿವಿ ಎಲ್ಲ ಗೀರಿಹೋಗಿದ್ದವು.

"ಬೆಕ್ಕು ತನ್ನ ಮೈ ತಾನೇ ನೆಕ್ಕಿ ಚೊಕ್ಕ ಮಾಡ್ಕಳ್ತದೆ. ಅದನ್ನ ಅದರಷ್ಟಕ್ಕೆ ಬಿಡು. ಹಗಲು ಹೊರಗೆ ತಿರಗ್ಲಿ, ಹಸಿವಾದ್ರೆ ಮನೆಗೆ ಬತ್ತದೆ" ಎಂದೆ.

"ಅದು ಊರ ಬೆಕ್ಕಿನ ಮಾತಾಯ್ತು ಅಣ್ಣಾ" ಎಂದು ಕಿವಿಗೆ ಅರಿಶಿನ ಹಚ್ಚಿಕೊಂಡ.

ಆದರೆ ಬೆಕ್ಕು ಸಂಜೆಯಾದರೆ ತಟ್ಟಿಯನ್ನು ಪರಚಿ ಅಳುತ್ತಿತ್ತು. ಸಾಹೇಬರಿಗೆ ಹವಾ ಸೇವನೆಯ ಅಭ್ಯಾಸವಿರಬೇಕು ಎಂದು ಬೊಮ್ಮಯ್ಯನಿಗೆ ಹೊಳೆಯಿತು. ತನ್ನ ಮದುವೆಯ ಪೇಟದ ಜರಿಯ ಪಟ್ಟಿಯನ್ನು ಅದರ ಕೊರಳಿಗೆ ಕಟ್ಟಿ ಹಿತ್ತಲಿಗೆ ಕರೆದೊಯ್ದ. ನಾಲ್ಕು ಕಾಲಿದ್ದೂ ಬೆಕ್ಕು ನಡೆಯಲಿಲ್ಲ. ನೆಲಕ್ಕೆ ಅಂಟಿ ಮಲಗಿತು. ಬೊಮ್ಮಯ್ಯ ಎಳೆದ. ಅಕ್ಕಿಚೀಲದಂತೆ ಅದು ಬಾವಿಕಟ್ಟೆಯವರೆಗೆ ಜಾರಿತು. ಅಷ್ಟರಲ್ಲಿ ಬೇಲಿಯ ಕಂಡಿಯಿಂದ ಬೀದಿ ನಾಯಿಯೊಂದು ಒಳಗೆ ಬಂತು. ಬೆಕ್ಕು ಹತ್ತಿರದ ಎತ್ತರದ ವಸ್ತುವನ್ನು ಹತ್ತಿತು. ಹಿತ್ತಲಲ್ಲಿ ಎರಡು ತೆಂಗಿನಮರಗಳಿದ್ದವು, ಆದರೆ ಹತ್ತಿರದ್ದು ಬೊಮ್ಮಯ್ಯ. ಧೋತರದಿಂದ ಅಂಗಿಗೆ, ಅಂಗಿಯಿಂದ ಹೆಗಲಿಗೆ, ಹೆಗಲಿನಿಂದ ಕರೀ ಟೊಪ್ಪಿಗೆಯ ಮೇಲಕ್ಕೆ ಹೋಗಿ ಬಾಲ ದಪ್ಪ ಮಾಡಿ ಕೂತಿತು.

"ಮಾಜರಾನ ತಲೆ ಮೇಲೆ ಯಾಕೆ ಕೂಡ್ಸಿದ್ರಿ?" ಎಂದು ಕಿಟಕಿಯಿಂದ ವೈಜಯಂತಿಬಾಯಿ ಕೇಳಿದರು.

"ನಾ ಕೂಡ್ಸಲಿಲ್ಲ. ಸಾಹೇಬ್ರೇ ಹತ್ತಿದ್ರು" ಎಂದು ಬೊಮ್ಮಯ್ಯ ಕತ್ತು ಅಲುಗಿಸದೆ ಹೇಳಿದ. ಇಳಿಸಲು ಹೋದ ನನ್ನ ಮುಂಗೈಯಲ್ಲಿ ಈಗಲೂ ಮೂರು ಗೆರೆಗಳಿವೆ.

ಮೀನು ಮಾರುವ ಗಂಗಿ ಬಾಗಿಲಿಗೆ ಬಂದಾಗ ಬೊಮ್ಮಯ್ಯ ತನಗೆ ಅಗ್ಗದ ತಾರ್ಲೆಯನ್ನೂ ಬೆಕ್ಕಿಗೆ ದುಬಾರಿ ಇಸವಾಣದ ತುಂಡನ್ನೂ ಕೊಳ್ಳುತ್ತಿದ್ದ. ಹೆಂಡತಿ ಮನೆಯಲ್ಲಿಲ್ಲದವನು ಇಸವಾಣ ಕೊಂಡರೆ ಯಾವ ಗಂಗಿಯಾದರೂ ಕೇಳುತ್ತಾಳೆ. "ಯಾರು ನೆಂಟ್ರು ಬಂದವ್ರೆ?" ಎಂದು ಅವಳೂ ಕೇಳಿದಳು. "ಮೇಜರ್ ಸಾಹೇಬ್ರು" ಎಂದು ಇವನು ಹೇಳಿದ. ಗಂಗಿಯ ಬುಟ್ಟಿಯೊಡನೆ ಆ ಮಾತು ಕಾರವಾರದ ಎಲ್ಲ ಮನೆಗಳ ಹೊಸ್ತಿಲನ್ನೂ ಮುಟ್ಟಿತು.

ಕಾರವಾರದಲ್ಲಿ ಹಬ್ಬಿದ ಸುದ್ದಿಯಿಂದ ನನಗೆ ನಷ್ಟವಿರಲಿಲ್ಲ. ಅಂಕೋಲೆಗೆ ಹೋದದ್ದು ನನ್ನನ್ನು ಹಾಳುಮಾಡಿತು. ಅದನ್ನು ಒಯ್ದವನು ಬಾಳೆಗುಳಿಯ ಜಟ್ಟು. ನಮ್ಮ ಮಾವನ ಮನೆಯಿಂದ ಅಕ್ಕಿ, ತೆಂಗಿನಕಾಯಿ ಹೇರಿಕೊಂಡು ಆಗಾಗ ಎತ್ತಿನ ಗಾಡಿಯಲ್ಲಿ ನಮ್ಮಲ್ಲಿಗೆ ಬರುತ್ತಿದ್ದ. ನಾನು ಶಾಲೆಯಲ್ಲಿದ್ದ ಹೊತ್ತಿಗೆ ಬಂದು ಬೊಮ್ಮಯ್ಯನ ಬಾಗಿಲು ಬಡಿದ. ಆಗ ನಡೆದ ಮಾತುಕತೆಯನ್ನು ಆಮೇಲೆ ಇಬ್ಬರ ಬಾಯಿಂದಲೂ ಕೇಳಿದ್ದೇನೆ, ಒಂದಕ್ಷರವೂ ಹೆಚ್ಚುಕಡಿಮೆಯಿಲ್ಲ.

"ಶ್! ಮೆಲ್ಲಗೆ. ಮೇಜರ್ ಸಾಹೇಬ್ರು ಮಲಗವ್ರೆ."

"ಯಾವ ಸಾಹೇಬ್ರು ಒಡ್ಯಾ?"

"ಗುಡ್ಡದ ಬಂಗ್ಲೆಲಿದ್ದವ್ರು. ಈಗ ನಮ್ಮಲ್ಲೇ ಅವ್ರೆ."

"ಎಲ್ಲಿ ಮಲಗ್ತ್ರು?"

"ನಮ್ಮ ಹಾಸಿಗೆ ಮೇಲೇ. ಹೊನ್ನಮ್ಮನ ದಿಂಬು ಇಲ್ದಿದ್ರೆ ಅವ್ರಿಗೆ ನಿದ್ದೆ ಬರೂದಿಲ್ಲ."

ಜಟ್ಟು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ನಿಮ್ಮ ಮೈಗೆಲ್ಲ ಎಂತಾ ಆಯ್ತು?" ಎಂದು ಕೇಳಿದ.

"ಸಾಹೇಬ್ರೇ ಪರಚಿದ್ದು. ನಾ ಸ್ನಾನ ಮಾಡ್ಸೂಕೆ ಹೋದ್ರೆ ಅವ್ರಿಗೆ ಸಿಟ್ಟು ಬತ್ತದೆ. ಆದ್ರೂ ಪ್ರೀತಿ ಉಂಟು. ಊಟ ಆದ ಮೇಲೆ ನನ್ನ ಮುಖ ನೆಕ್ತ್ರು."

ಜಟ್ಟು ಅಕ್ಕಿಚೀಲವನ್ನು ಜಗಲಿಯಲ್ಲೇ ಇಳಿಸಿ ಗಾಡಿ ತಿರುಗಿಸಿದ.

ನಮ್ಮ ಮಾವ ಬೀರಣ್ಣನವರನ್ನು ಇಲ್ಲಿ ಪರಿಚಯಿಸಬೇಕು. ಉಪ್ಪಿನ ಸತ್ಯಾಗ್ರಹದಲ್ಲಿ ಉಪ್ಪು ಮಾಡಿ ಜೈಲಿಗೆ ಹೋಗಿ ಬಂದವರು. ಕರ ಕೊಡುವುದಿಲ್ಲ ಎಂದು ಕೂತು, ಗದ್ದೆ ಎಮ್ಮೆ ಎರಡೂ ಜಪ್ತಿಯಾದರೂ ಮೀಸೆ ಇಳಿಸದವರು. ಸರಕಾರದ ನೆರಳು ಬಿದ್ದ ಬಾವಿಯ ನೀರು ಕುಡಿಯದ ಮನುಷ್ಯ. ಅವರಿಗೆ, ಕಿರಿಯ ಅಳಿಯ ಇಂಗ್ರೇಜಿ ಮೇಜರನೊಬ್ಬನನ್ನು ಮನೆಯಲ್ಲಿಟ್ಟುಕೊಂಡು, ಮಗಳ ದಿಂಬಿನ ಮೇಲೆ ಮಲಗಿಸಿ, ಇಸವಾಣ ತಿನ್ನಿಸಿ, ಮೈ ತೊಳೆದು, ಪರಚಿಸಿಕೊಂಡು, ಮುಖ ನೆಕ್ಕಿಸಿಕೊಳ್ಳುತ್ತಿದ್ದಾನೆ ಎಂಬ ಸುದ್ದಿ ಮುಟ್ಟಿತು.

"ಆ ಮೇಜರ ಅಲ್ಲಿ ಇರೂ ತನಕ ನನ್ನ ಹೆಣ್ಮಕ್ಕ ಹಬ್ಬುವಾಡದ ಹೊಸ್ತಿಲು ಮೆಟ್ಟೂದಿಲ್ಲ" ಎಂದು ಅವರು ಊರ ಹತ್ತು ಜನರ ಮುಂದೆ ಸಾರಿದರಂತೆ.

ಗಮನಿಸಬೇಕು. 'ಹೆಣ್ಮಕ್ಕ' ಎಂದರು, 'ಮಗಳು' ಎನ್ನಲಿಲ್ಲ. ಬೊಮ್ಮಯ್ಯ ಬೆಕ್ಕಿಗೆ ಹಚ್ಚಿದ ಬಹುವಚನ ಸಾಲದೆಂದು ಮಾವ ಇನ್ನೊಂದು ಬಹುವಚನ ಹಚ್ಚಿ ನನ್ನ ಜಾನಕಿಯನ್ನೂ ಅದರೊಳಗೆ ಸೇರಿಸಿಬಿಟ್ಟರು. ಹೊನ್ನಮ್ಮನಿಗೆ ಗಂಡು ಮಗುವಾಯಿತು, ತೊಟ್ಟಿಲ ಶಾಸ್ತ್ರ ಮುಗಿಯಿತು, ಜಾನಕಿ ಬರಲಿಲ್ಲ. ಮುಂದಿನ ಸಲ ಜಟ್ಟು ಬಂದು ಈ ಪ್ರತಿಜ್ಞೆಯನ್ನು ನನಗೆ ಒಪ್ಪಿಸಿದಾಗ ನನ್ನ ಕೈಯಲ್ಲಿ ಸೀದ ಗಂಜಿಯ ಪಾತ್ರೆಯಿತ್ತು.

ಭಾನುವಾರವೇ ಮೋಟಾರು ಹತ್ತಿ ಅಂಕೋಲೆಗೆ ಹೋದೆ. ಒಂದು ಮಾತಿನಲ್ಲಿ ಮುಗಿಯುವ ಕೆಲಸ, ಸಂಜೆಯ ಮೋಟಾರಿಗೆ ಜಾನಕಿಯೊಡನೆ ಮರಳಬಹುದು ಎಂದು ಎಣಿಸಿದ್ದೆ. ಮಾವ ಬೊಬ್ರುವಾಡದ ಮನೆಯ ಜಗಲಿಯಲ್ಲಿ ಚರಕ ತಿರುಗಿಸುತ್ತಿದ್ದರು. ನಾಲ್ಕಾರು ಜನ ಸುತ್ತ ಕೂತಿದ್ದರು.

"ಮಾವಾ, ಅದು ಬೆಕ್ಕು" ಎಂದೆ.

ಚರಕ ನಿಂತಿತು. ಮಾವ ನನ್ನನ್ನೇ ನೋಡಿದರು. ಅವರ ಕಣ್ಣು ತುಂಬಿ ಬಂತು. "ಕೇಳಿದ್ರಾ?" ಎಂದು ಕೂತವರತ್ತ ತಿರುಗಿದರು. "ಸರ್ಕಾರಿ ಅನ್ನ ತಿಂಬೂ ಮಾಸ್ತರ್ರು, ಆದ್ರೂ ಸತ್ಯ ಹೇಳೂಕೆ ಹೆದರ್ಲಿಲ್ಲ. ಬೆಕ್ಕು! ನಮ್ಮ ಮನೆ ಹೊಕ್ಕಿ, ನಮ್ಮ ಹಾಲು ಕುಡ್ದು, ನಮ್ಮ ಮೇಲೇ ಉಗುರು ಬಿಡೂ ಕಳ್ಳಬೆಕ್ಕು! ಒಬ್ಬ ಮೇಜರ ಅಲ್ಲ, ಆ ಜಾತಿಯೇ ಬೆಕ್ಕಿನ ಜಾತಿ!"

ಕೂತವರು ಚಪ್ಪಾಳೆ ತಟ್ಟಿದರು.

"ಹಂಗಲ್ಲ ಮಾವಾ. ನಿಜವಾದ ಬೆಕ್ಕು. ಬಾಲ ಇರೂದು."

"ಬಾಲ ನಾವು ಕತ್ತರಿಸ್ವಾ ಮಾಸ್ತರೇ!" ಎಂದು ಅವರು ನನ್ನ ಬೆನ್ನು ತಟ್ಟಿದರು. ಮತ್ತೆ ಚಪ್ಪಾಳೆ. ನಾನು ಬಾಯಿ ತೆರೆದಷ್ಟೂ ಭಾಷಣವಾಗುತ್ತಿತ್ತು.

ಒಳಗೆ ಹೋಗಿ ಜಾನಕಿಗೆ 'ಮಾಜರ'ದಿಂದ 'ಮೇಜರ'ದವರೆಗೆ ಬಿಡಿಸಿ ಹೇಳಿದೆ. ಅವಳು ಬಾಣಂತಿಯ ಕಷಾಯ ಕುದಿಸುತ್ತಿದ್ದವಳು ಸೌಟು ಕೆಳಗಿಟ್ಟಳು. "ಷಡ್ಡಕನ ಮಾನ ಉಳಸೂಕೆ ಎಷ್ಟು ಸುಳ್ಳು ಹೇಳ್ತ್ರಿ? ಬೆಕ್ಕಿಗೆ ಯಾರಾದ್ರೂ ಸ್ನಾನ ಮಾಡ್ಸ್ತ್ರಾ? ಬೆಕ್ಕಿಗೆ ಇಸವಾಣ ಹಾಕ್ತ್ರಾ? ಬೆಕ್ಕಿನ್ನ 'ಮಲಗವ್ರೆ' ಅಂತ ಕರೀತ್ರಾ?"

ಲೋಕದಲ್ಲಿ ಯಾರೂ ಬೆಕ್ಕಿಗೆ ಸ್ನಾನ ಮಾಡಿಸುವುದಿಲ್ಲ, ಬೊಮ್ಮಯ್ಯ ಮಾಡಿಸುತ್ತಾನೆ. ಅವಳ ಪ್ರಶ್ನೆಗಳೆಲ್ಲ ಸರಿಯಾಗಿದ್ದವು. ನನ್ನ ಉತ್ತರಗಳೂ ಸರಿಯಾಗಿದ್ದವು. ಆದರೂ ಸಂಜೆಯ ಮೋಟಾರನ್ನು ನಾನೊಬ್ಬನೇ ಹತ್ತಿದೆ. ಅವಳು ಕಟ್ಟಿಕೊಟ್ಟ ಉಪ್ಪಿನಕಾಯಿಯ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಬೊಮ್ಮಯ್ಯನನ್ನು ಬೈದೆ.

ಮನೆಗೆ ಬಂದವನೇ ಅವನನ್ನು ಹಿಡಿದು ಕೇಳಿದೆ. "ಹೆಸರು ಬದಲ್ಸು. ಚಿನ್ನಿ ಅನ್ನು, ಬೂದಿ ಅನ್ನು, ಏನಾದ್ರೂ ಅನ್ನು."

"ಹುದ್ದೆ ಕಿತ್ತುಕಳ್ಳೂಕೆ ನಾ ಯಾರು ಅಣ್ಣಾ?"

"ನಿಂಗೆ ಹೆಂಡತಿ ಮಗು ಬೇಡ್ವಾ?"

ಅವನ ಮುಖ ಸಣ್ಣದಾಯಿತು. ಸಾಹೇಬರನ್ನು ಒಂಟಿ ಬಿಟ್ಟು ತೊಟ್ಟಿಲ ಶಾಸ್ತ್ರಕ್ಕೂ ಹೋಗದೆ, ಮಗನ ಮುಖವನ್ನು ಅವನಿನ್ನೂ ನೋಡಿರಲಿಲ್ಲ. "ಬೇಕು" ಎಂದ. "ಆದ್ರೆ ಮೊದ್ಲಿಂದ ಮೇಜರ್ ಅಂತ ಕರೆದು ಈಗ ಚಿನ್ನಿ ಅಂದ್ರೆ ಸಾಹೇಬ್ರು ಎಂತಾ ತಿಳ್ಕಂತ್ರು?"

ಆ ಹೊತ್ತಿಗೆ ವೈಜಯಂತಿಬಾಯಿ ಬಂದು ಬೆಕ್ಕನ್ನು ನೋಡಿ, "ಹೊಟ್ಟೆ ಇಳಿದದೆ. ಇವತ್ತೋ ನಾಳೆಯೋ ಮರಿ ಹಾಕ್ತದೆ" ಎಂದರು.

"ಮೇಜರ್ ಅಂದ್ರೆ ಗಂಡಸ್ರು, ಬಾಯಿಯವ್ರೇ" ಎಂದು ಬೊಮ್ಮಯ್ಯ ನಕ್ಕ.

ಮುಂದಿನ ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಗದ್ದಲ ಕೇಳಿ ಹೊರಗೆ ಬಂದೆ. ಮಾವ ಬೀರಣ್ಣನವರು ಬಿಳಿ ಖಾದಿಯುಟ್ಟು, ಕೊರಳಲ್ಲಿ ಬಾಡಿದ ಚೆಂಡುಹೂವಿನ ಮಾಲೆ ಹಾಕಿಕೊಂಡು ಅಂಗಳದ ನಡುವೆ ಚಾಪೆಯ ಮೇಲೆ ಕೂತಿದ್ದರು. ಮೇಜರನನ್ನು ಹೊರಗೆ ಹಾಕಿ ಬರುತ್ತೇನೆ ಎಂದು ಊರಲ್ಲಿ ಹೇಳಿದ್ದರು. ಊರವರು ಮೋಟಾರಿನ ತನಕ ಬಂದು ಮಾಲೆ ಹಾಕಿ ಕಳಿಸಿದ್ದರು.

"ಮೇಜರ ಹೊರಗೆ ಬರೂ ತನಕ ನಾ ಒಂದ್ ಹನಿ ನೀರೂ ಮುಟ್ಟೂದಿಲ್ಲ" ಎಂದರು.

ಬೊಮ್ಮಯ್ಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. "ಅವ್ರು ಬೆಳಿಗ್ಗೆಯಿಂದ ಕುರ್ಚಿ ಬಿಟ್ಟು ಏಳ್ತಾ ಇಲ್ಲ ಮಾವಾ. ಹತ್ರ ಹೋದ್ರೆ ಬುಸ್ ಅಂತ್ರು."

"ಕೇಳಿದ್ರಾ ಮಾಸ್ತರೇ ಸೊಕ್ಕು!"

ನಾನು ಬಾಗಿಲು ತೆರೆದು ತೋರಿಸಿಬಿಡೋಣ ಎಂದು ಹೆಜ್ಜೆ ಇಟ್ಟೆ. ಆಗಲೇ ಬೇಲಿಯ ಗೇಟು ಕಿರುಗುಟ್ಟಿತು. ಹೊಸದಾಗಿ ಧಾರವಾಡದ ಕಡೆಯಿಂದ ಬಂದ ಫೌಜದಾರರು, ಬೂಟಿಗೆ ಹೊಳಪು ಹಾಕಿ, ಪಟ್ಟಿ ಬಿಗಿದು, ಹುಲಿಯಾ ಎಂಬ ಪೊಲೀಸನನ್ನು ಹಿಂದಿಟ್ಟುಕೊಂಡು ಬರುತ್ತಿದ್ದರು. ಹುಲಿಯಾನ ಕೈಯಲ್ಲಿ ಬಾಳೆಹಣ್ಣಿನ ಗೊನೆಯಿತ್ತು.

"ಮೇಜರ್ ಸಾಹೇಬ್ರು ಇಲ್ಲೇ ಇರ್ತಾರಂತಲ್ರಿ?" ಎಂದರು. "ನಮಗ ಮೀನಿನಾಕಿ ಹೇಳೂತನಾ ಗೊತ್ತಽ ಆಗ್ಲಿಲ್ಲ. ಇಷ್ಟ ದಿನ ಆದ್ರೂ ಬಂದು ಸಲಾಮು ಮಾಡಲಿಲ್ಲ ಅಂತ ಸಾಹೇಬ್ರು ಸಿಟ್ಟಾಗ್ಯಾರೇನ್ರಿ?"

"ಇವತ್ತು ಸ್ವಲ್ಪ ಸಿಟ್ಟಲ್ಲೇ ಅವ್ರೆ" ಎಂದ ಬೊಮ್ಮಯ್ಯ. "ನೀವು ಕೈ ಮುಂದೆ ಚಾಚಬೇಡಿ."

ಫೌಜದಾರರು ಅಂಗಿಯ ಗುಂಡಿಗಳನ್ನೆಲ್ಲ ಮುಟ್ಟಿ ನೋಡಿಕೊಂಡರು. ಅಂಗಳದಲ್ಲಿ ಖಾದಿಯವರು ಕೂತಿದ್ದು ಆಗ ಅವರ ಕಣ್ಣಿಗೆ ಬಿತ್ತು. "ಸಾಹೇಬ್ರ ಮನಿ ಮುಂದ ಇದೇನ್ರಿ? ಏಳ್ರಿ!"

"ಹಿಡೀರಿ ನನ್ನ!" ಎಂದು ಮಾವ ಎರಡೂ ಕೈ ಮುಂದೆ ಮಾಡಿದರು. ಜೈಲಿನಿಂದ ಬಂದು ಬಹಳ ದಿನಗಳಾಗಿ ಅವರಿಗೂ ಬೇಸರ ಬಂದಿತ್ತು.

"ಮೊದಲ ಸಲಾಮು, ಆಮ್ಯಾಲ ನಿಮ್ಮ ವಿಚಾರ" ಎಂದು ಫೌಜದಾರರು ಜಗಲಿ ಹತ್ತಿದರು. ಮೇಜರನನ್ನು ಮೊದಲು ನೋಡುವ ಹಕ್ಕು ತನ್ನದೆಂದು ಮಾವನೂ ಹಿಂದೆಯೇ ನುಗ್ಗಿದರು. ಬೊಮ್ಮಯ್ಯ ಬಾಗಿಲು ತೆಗೆದ. ತಟ್ಟಿ ಕಟ್ಟಿದ ಕಿಟಕಿ, ಒಳಗೆ ಕತ್ತಲೆ. ಆರಾಮ ಕುರ್ಚಿಯ ಬೆನ್ನು ಮಾತ್ರ ಕಾಣುತ್ತಿತ್ತು. ಫೌಜದಾರರು ಬೂಟಿಗೆ ಬೂಟು ಬಡಿದು, ಮನೆ ಅದುರುವಂತೆ ಸಲಾಮು ಹೊಡೆದು ನಿಂತರು.

ಕುರ್ಚಿಯಿಂದ ಸಣ್ಣ ಸಣ್ಣ ದನಿಗಳು ಕೇಳಿಬಂದವು.

ನಾನು ಹೋಗಿ ತಟ್ಟಿಯನ್ನು ಕಿತ್ತೆ. ಬೆಳಕು ಬಿತ್ತು. ಮೇಜರ್ ಸಾಹೇಬರು ಹೊನ್ನಮ್ಮನ ದಿಂಬಿಗೆ ಒರಗಿ ಮಲಗಿ ನಾಲ್ಕು ಮರಿಗಳಿಗೆ ಹಾಲು ಕುಡಿಸುತ್ತಿದ್ದರು.

ಹಿಂದಿನಿಂದ ವೈಜಯಂತಿಬಾಯಿ, "ನಾ ದಿನಾ ಹೇಳ್ಲಿಲ್ವಾ, ಮಾಜರ ಅಂತ?" ಎಂದರು.

ಫೌಜದಾರರ ಕೈ ಇನ್ನೂ ಹಣೆಯ ಹತ್ತಿರವೇ ಇತ್ತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಪೇಟ ಸರಿಮಾಡಿಕೊಂಡರು. "ಹುಲಿಯಾ, ನೀ ಏನ ನೋಡಿದಿ?"

"ನಾ ಏನೂ ನೋಡಿಲ್ರಿ" ಎಂದ ಹುಲಿಯಾ.

ಮಾವ ಜಗಲಿಗೆ ಬಂದು ಕುಸಿದು ಕೂತರು. ಕೊರಳ ಮಾಲೆಯನ್ನು ತೆಗೆದು ಪಕ್ಕಕ್ಕಿಟ್ಟರು. ಊರಲ್ಲಿ ಡೋಲು ಹಿಡಿದು ಕಾಯುತ್ತಿದ್ದವರ ಮುಂದೆ ಹೋಗಿ, ತಾನು ಓಡಿಸಲು ಹೋದದ್ದು ಬಾಣಂತಿ ಬೆಕ್ಕನ್ನು ಎಂದು ಅವರು ಹೇಗೆ ಹೇಳಬೇಕು? ಫೌಜದಾರರದೂ ಅದೇ ಪಾಡು. ಮೇಜರ್ ಸಾಹೇಬರ ಭೇಟಿಗೆ ಹೋಗಿಬರುತ್ತೇನೆ ಎಂದು ಕಚೇರಿಯಲ್ಲಿ ಹೇಳಿ ಹೊರಟವರು. ಅವರೂ ಬಂದು ಮಾವನ ಪಕ್ಕದಲ್ಲೇ ಕೂತರು. ನಾನು ಚಹಾ ಮಾಡಿ ಕೊಟ್ಟೆ. ಸೀದಿತ್ತು, ಆದರೆ ಇಬ್ಬರೂ ತುಟಿಪಿಟಿಕ್ಕೆನ್ನದೆ ಕುಡಿದರು. ಮಾವನ ಉಪವಾಸ ಹೀಗೆ ಮುಗಿಯಿತು.

ಕೊನೆಗೆ ಫೌಜದಾರರು ಚಹಾದ ಲೋಟ ಕೆಳಗಿಟ್ಟು, "ಮೇಜರ್ ಸಾಹೇಬ್ರು ಇದ್ರು. ಇವತ್ತ ಮುಂಜಾನೆ ಮುಂಬಯಿ ಆಗಬೋಟಿ ಹತ್ತಿ ಹೋದ್ರು" ಎಂದರು.

"ನನ್ನ ಸತ್ಯಾಗ್ರಹಕ್ಕೆ ಹೆದರಿ ಹೋದ" ಎಂದರು ಮಾವ.

"ಅದು ನನಗ ಸಂಬಂಧ ಇಲ್ಲ. ಹೋದ್ರು."

ಸರಕಾರವೂ ಚಳವಳಿಯೂ ನಮ್ಮ ಜಿಲ್ಲೆಯಲ್ಲಿ ಒಂದು ಮಾತಿಗೆ ಬಂದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸುಳ್ಳು ಹೇಳಿದಂತಾಗಲಿಲ್ಲವೇ ಎಂದು ಮಾವನನ್ನು ಕೇಳಿದೆ. "ಈಗ ಇಲ್ಲಿ ಮೇಜರ ಇಲ್ಲ, ಇದು ಸತ್ಯ ಅಲ್ದಾ?" ಎಂದು ಮಾಲೆಯನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. ಜಟ್ಟುವಿನ ಗಾಡಿಯಲ್ಲಿ ಇಬ್ಬರು ಹೆಣ್ಣುಮಕ್ಕಳನ್ನೂ ಕಳಿಸುತ್ತೇನೆ ಎಂದು ಮಾತು ಕೊಟ್ಟು ಹೋದರು. ಅಂಕೋಲೆಯಲ್ಲಿ ಅವರ ಮೆರವಣಿಗೆಯಾಯಿತಂತೆ.

ನಾನು ಮನೆ ಗುಡಿಸಿದೆ. ಪಾತ್ರೆಗಳ ತಳ ತಿಕ್ಕಿದೆ. ಜಾನಕಿಯ ಇಷ್ಟದ ಸುರಗಿ ಹೂವಿಗೆ ಹೇಳಿ ಇಟ್ಟೆ. ಸಂತೋಷವಾಗಿತ್ತು ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಹೆತ್ತ ಬೆಕ್ಕು ಮರಿಗಳನ್ನು ಒಂದೇ ಕಡೆ ಇಡುವುದಿಲ್ಲ. ಬೂಟಿನ ಸದ್ದಿಗೆ ಬೇರೆ ಬೆದರಿತ್ತು. ಮರುದಿನ ನಾನು ಶಾಲೆಯಿಂದ ಬಂದಾಗ, ನಾನೇ ತಟ್ಟಿ ಕಿತ್ತ ಕಿಟಕಿಯ ದಾರಿಯಲ್ಲಿ ಬಂದ ನಾಲ್ಕೂ ಮರಿಗಳು ನನ್ನ ಹಾಸಿಗೆಯ ಮೇಲಿದ್ದವು. ಬೊಮ್ಮಯ್ಯ ಬಂದು ಒಂದೊಂದನ್ನೇ ಒಯ್ದು ಕುರ್ಚಿಯಲ್ಲಿಟ್ಟ. ಬೆಕ್ಕು ಒಂದೊಂದನ್ನೇ ಕತ್ತು ಕಚ್ಚಿ ಮರಳಿ ತಂದಿಟ್ಟಿತು. ಕತ್ತಲಾಗುವವರೆಗೂ ಈ ಸಾಗಾಣಿಕೆ ನಡೆಯಿತು. ಬೆಕ್ಕು ದಣಿಯಲಿಲ್ಲ, ಬೊಮ್ಮಯ್ಯ ದಣಿದ. ಗಾಡಿ ಯಾವಾಗ ತರಲಿ ಎಂದು ಕೇಳಲು ಜಟ್ಟು ಬಂದದ್ದೂ ಆಗಲೇ. ಬೊಮ್ಮಯ್ಯ ನಿಟ್ಟುಸಿರಿಟ್ಟು, "ಇನ್ನೇನು ಜಟ್ಟು, ಮೇಜರ್ ಸಾಹೇಬ್ರು ನಮ್ಮನೆ ಬಿಟ್ರು. ಈಗ ಮಾಸ್ತರ್ರ ಹಾಸಿಗೆ ಮೇಲೆ ಮಲಗವ್ರೆ" ಎಂದನಂತೆ. ನಾನು ಆಗ ಹೂವಿನವಳ ಮನೆಗೆ ಹೋಗಿದ್ದೆ.

ಹೇಳಿದ ದಿನ ಗಾಡಿ ಬಂತು. ಹೊನ್ನಮ್ಮ ಮಗುವನ್ನೆತ್ತಿಕೊಂಡು ಇಳಿದಳು. ಬೊಮ್ಮಯ್ಯ ಮಗನ ಮುಖ ನೋಡಿ ಅಲ್ಲೇ ಅಂಗಳದಲ್ಲಿ ಅತ್ತ. ನಾನು ಗಾಡಿಯ ಹಿಂದೆ ಹೋಗಿ ಒಳಗೆ ಇಣುಕಿದೆ. ಹುಲ್ಲಿತ್ತು, ಗಂಟುಮೂಟೆಯಿತ್ತು.

"ನಿನ್ನ ಅಕ್ಕ ಎಲ್ಲಿ?"

ಹೊನ್ನಮ್ಮ ತಲೆ ತಗ್ಗಿಸಿದಳು. "ಮೇಜರ ಈಗ ನಿಮ್ಮನೇಲಿ ಉಳದವ್ನೆ ಅಂತ ಊರ ತುಂಬಾ ಸುದ್ದಿ ಆಗದೆ ಭಾವಾ. ಸುದ್ದಿ ತಣ್ಣಗಾಗೂ ತನಕ ಅಕ್ಕನ್ನ ಕಳ್ಸೂಕೆ ಆಗೂದಿಲ್ಲ ಅಂದ್ರು ಅಪ್ಪ."

"ನಿನ್ನ ಅಪ್ಪನಿಗೆ ಅದು ಬೆಕ್ಕು ಅಂತ ಗೊತ್ತಲ್ಲ! ಕಣ್ಣಾರೆ ನೋಡಿ ಹೋಗವ್ರೆ!"

"ಅಪ್ಪನಿಗೆ ಗೊತ್ತು ಭಾವಾ. ಊರಿಗೆ ಗೊತ್ತಿಲ್ಲಲ್ಲ."

ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಜಟ್ಟು ಗಂಟುಗಳನ್ನು ಇಳಿಸುತ್ತಿದ್ದ. ಅವನನ್ನು ಒಳಗೆ ಕರೆದು, ಚಹಾ ಕೊಟ್ಟು, ಬೆಕ್ಕನ್ನು ಕೈಯಲ್ಲಿ ಹಿಡಿಸಿ ತೋರಿಸಿ ಕಳಿಸಬೇಕು, ಆಗ ಊರಿಗೂ ಗೊತ್ತಾಗುತ್ತದೆ, ಮಾವನ ಮಾನ ಏನಾದರೂ ಆಗಲಿ ಎಂದು ನಿಶ್ಚಯಿಸಿ ಎದ್ದೆ. ಅಷ್ಟರಲ್ಲಿ ಬೊಮ್ಮಯ್ಯ ಕಣ್ಣೊರೆಸಿಕೊಂಡು, ಮಗನನ್ನು ಹೆಗಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದ. ಅವನ ಸಂತೋಷಕ್ಕೆ ಮೇರೆಯಿರಲಿಲ್ಲ, ಅದರಲ್ಲಿ ನನಗೂ ಪಾಲು ಕೊಡಬೇಕು ಎನ್ನಿಸಿರಬೇಕು.

"ಬೇಜಾರ ಮಾಡ್ಕಬೇಡಿ ಅಣ್ಣಾ. ಮೇಜರ್ ಒಬ್ರೇ ಅಲ್ಲಲ್ಲ ಈಗ ನಿಮ್ಮ ಮನೇಲಿ" ಎಂದು ಅಂಗಳಕ್ಕೆಲ್ಲ ಕೇಳುವಂತೆ ಹೇಳಿದ. "ಕ್ಯಾಪ್ಟನ್ ಅವ್ರೆ, ಕರ್ನಲ್ ಅವ್ರೆ, ಜನರಲ್ ಅವ್ರೆ. ಕರೀ ಮೂತಿಯವ್ರಿಗೆ ಲಾಟ್ ಸಾಹೇಬ್ರು ಅಂತ ನಾನೇ ಇಟ್ಟೆ."

ಜಟ್ಟುವಿನ ಕೈಯಿಂದ ಗಂಟು ಜಾರಿ ಬಿತ್ತು. ಅವನು ನನ್ನ ಮನೆಯ ಬಾಗಿಲನ್ನು ನೋಡಿದ, ನನ್ನನ್ನು ನೋಡಿದ. ಎತ್ತುಗಳಿಗೆ ನೀರನ್ನೂ ಕುಡಿಸದೆ ಗಾಡಿಗೆ ಕಟ್ಟಿದ.

"ಜಟ್ಟೂ, ನಿಲ್ಲು! ಮರಿ ಅವು! ಬೆಕ್ಕಿನ ಮರಿ! ಬಾ, ಒಳಗೆ ಬಂದು ನೋಡು!" ಎಂದು ಗೇಟಿನಾಚೆಯವರೆಗೆ ಓಡಿದೆ.

ಅವನು ಗಾಡಿಯ ಮೇಲಿನಿಂದಲೇ ಎರಡೂ ಕೈ ಎತ್ತಿ ಮುಗಿದ. "ನಾ ಎಂತದೂ ಕೇಳ್ಲಿಲ್ಲ ಮಾಸ್ತರ್ರೇ. ನಾ ಯಾರಿಗೂ ಹೇಳೂದಿಲ್ಲ" ಎಂದ. ಎತ್ತುಗಳು ಎಂದೂ ಇಲ್ಲದ ಹುರುಪಿನಲ್ಲಿ ಅಂಕೋಲೆಯ ದಾರಿ ಹಿಡಿದವು.